ಸೂರ್ಯಕಿರಣದಿಂದ ಜಲವಿಭಜನೆ: ವಿದ್ಯುತ್ಕಣಗಳ ಬಂಧವಿಚಾರ

(ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದಲ್ಲಿ ಷಟ್‌ಸ್ಥಲ ಸಿದ್ಧಾಂತವನ್ನೂ ವಚನವಾಙ್ಮಯವನ್ನೂ ಕುರಿತು ವಿದ್ವಾಂಸರು ಸವಿಸ್ತಾರವಾಗಿ ನಿರೂಪಿಸಿರುವರು. ನಾನು ಇಂದು ಅರಿಕೆ ಮಾಡಿಕೊಳ್ಳುವ ವಿಷಯವಾದರೋ ಪದಾರ್ಥವಿಜ್ಞಾನಕ್ಕೆ ಸೇರಿದ್ದು. ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಓದಿದವನಿಗೆ ಈ ವಿಷಯವೇಕೆ ಎಂದು ತಾವು ಕೇಳಬಹುದು. ಅದಕ್ಕೆ ಎರಡು ಕಾರಣಗಳುಂಟು.

ಮೊದಲನೆಯದು ದಾಸೋಹಕ್ಕೆ ಸಂಬಂಧಿಸಿದ್ದು. ಒಲೆಗೆ ಹಿಂದೆ ಕಟ್ಟಿಗೆ ಇತ್ತು, ಈಗ ಅನಿಲವು ಬಂದಿದೆ. ಭೂಗರ್ಭದಿಂದ ತೆಗೆದ ಅನಿಲವು ಒಮ್ಮೆ ಸುಟ್ಟುಹೋದರೆ ಮರಳಿ ಬಾರದು. ಅದರ ಹೊಗೆಯು ಮಾತ್ರ ಆಕಾಶದಲ್ಲಿ ನಿಂತು ಲೋಕದ ತಾಪವನ್ನು ಹೆಚ್ಚಿಸುವದು. ಒಲೆಯಷ್ಟೇ ಅಲ್ಲ, ಹೊಲದ ಮಾತೂ ಹಾಗೆಯೇ. ರೈತನು ಬೆಳೆಗೆ ಹಾಕುವ ಯೂರಿಯಾ ಗೊಬ್ಬರಕ್ಕೆ ಅಮೋನಿಯವು ಮೂಲ. ಅಮೋನಿಯಕ್ಕೆ ಜಲಜನಕವು ಮೂಲ. ಆ ಜಲಜನಕವನ್ನು ಇಂದಿಗೂ ಬಹುಮಟ್ಟಿಗೆ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲುಗಳಿಂದಲೇ ತೆಗೆಯುತ್ತಿರುವರು. ನೀರಿನಿಂದಲೇ, ಬಿಸಿಲಿನಿಂದಲೇ ಅದನ್ನು ಪಡೆಯುವ ದಾರಿಯು ಅಗ್ಗವಾಗಿ ತೆರೆದರೆ, ಉರಿಸಿದ ಜಲಜನಕವು ಮತ್ತೆ ನೀರೇ ಆಗುವದರಿಂದ, ಆ ಕೊಡುಕೊಳ್ಳುವಿಕೆಗೆ ಕೊನೆಯೇ ಇರುವದಿಲ್ಲ. ಆದುದರಿಂದ ಈ ವಿಷಯದಲ್ಲಿ ಉಣ್ಣುವವರಿಗೂ ಉಣಿಸುವವರಿಗೂ ಸಮಾನವಾದ ಆಸ್ಥೆಯಿರತಕ್ಕದ್ದು.

ಎರಡನೆಯದು ಶಾಸ್ತ್ರಕ್ಕೆ ಸಂಬಂಧಿಸಿದ್ದು. ಬಂಧವೆಂದರೇನು, ಅದು ಎಲ್ಲಿಂದ ಬಂದಿತು, ಅದು ಸಹಜವೋ ಆಗಂತುಕವೋ, ಅದರ ನಿವೃತ್ತಿಗೆ ಉಪಾಯವೇನು ಎಂಬ ಪ್ರಶ್ನೆಗಳನ್ನು ನಾವು ಜೀವನನ್ನು ಕುರಿತು ಕೇಳುತ್ತ ಬಂದಿರುವೆವು. ಇದೇ ಕ್ರಮದ ಪ್ರಶ್ನೆಗಳನ್ನು ವಿಜ್ಞಾನಿಗಳು ಕಲ್ಲಿನೊಳಗಿನ ಒಂದು ಅತಿಸೂಕ್ಷ್ಮವಾದ ವಸ್ತುವನ್ನು ಕುರಿತು ಅರ್ಧ ಶತಮಾನದಿಂದ ಕೇಳುತ್ತಿರುವರು. ವಸ್ತುವು ಬೇರೆ, ವಿಚಾರದ ಕ್ರಮವು ನಮಗೆ ಪರಿಚಿತವಾದದ್ದು.

ಇನ್ನು ವಿಷಯಪ್ರವೇಶ ಮಾಡುವೆನು. ನೀರು ಜಲಜನಕ, ಆಮ್ಲಜನಕಗಳೆಂಬ ಎರಡರ ಕೂಟವೆಂಬದು ಸರ್ವವಿದಿತವು. ಆ ಕೂಟವನ್ನು ಬಿಡಿಸುವದಕ್ಕೆ ಶಕ್ತಿಯು ಬೇಕು. 18 ಗ್ರಾಂ ನೀರನ್ನು ಬಿಡಿಸಲು ಕನಿಷ್ಠಪಕ್ಷ 237 ಕಿಲೋಜೂಲ್ ಶಕ್ತಿಯನ್ನು ವ್ಯಯಮಾಡಬೇಕು. ವಿದ್ಯುತ್ತಿನ ಭಾಷೆಯಲ್ಲಿ ಹೇಳುವದಾದರೆ 1.23 ವೋಲ್ಟ್‌ಗಳ ಒತ್ತಡವು ಬೇಕು. ಈ ಒತ್ತಡವನ್ನು ಸೂರ್ಯನ ಬೆಳಕಿನಿಂದಲೇ ನೇರವಾಗಿ ಪಡೆಯಬಹುದೆಂಬದನ್ನು ಜಪಾನ್ ದೇಶದ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಅಭ್ಯಾಸಮಾಡಿದ ಅಕಿರ ಫುಜಿಶಿಮ ಮತ್ತು ಅವರ ಗುರುಗಳಾದ ಕೆನಿಚಿ ಹೊಂಡ ಎಂಬವರು ಕಂಡು, 1972ರಲ್ಲಿ ಲೋಕಕ್ಕೆ ಸಾರಿದರು. ಅವರು ಉಪಯೋಗಿಸಿದ ವಸ್ತುವು ಟೈಟೇನಿಯಂ ಡೈಆಕ್ಸೈಡ್. ಗೋಡೆಗೆ ಬಳಿಯುವ ಬಿಳಿಯ ಬಣ್ಣದಲ್ಲಿ ಬೆರೆಸುವ ಪುಡಿಯೂ ಅದೇ.

ಇದು ನಡೆಯುವ ರೀತಿಯನ್ನು ಸ್ವಲ್ಪ ವಿವರಿಸಬೇಕು. ಇಂಥ ವಸ್ತುಗಳಿಗೆ ಅರೆವಾಹಕಗಳೆಂದು ಹೆಸರು. ಇವುಗಳೊಳಗೆ ಎಲೆಕ್ಟ್ರಾನುಗಳು ಕೆಳಗಿನ ಒಂದು ನೆಲೆಯಲ್ಲಿ ತುಂಬಿಕೊಂಡಿರುವವು. ಮೇಲಿನ ನೆಲೆಯು ಬರಿದಾಗಿರುವದು. ನಡುವೆ ಯಾರೂ ನಿಲ್ಲಲಾಗದ ಒಂದು ಅಂತರವಿರುವದು. ಸಾಕಷ್ಟು ಬಲವುಳ್ಳ ಬೆಳಕಿನ ಕಣವು ಬಂದು ತಾಕಿದರೆ ಒಂದು ಎಲೆಕ್ಟ್ರಾನು ಮೇಲಿನ ನೆಲೆಗೆ ಏರುವದು. ಅದು ಬಿಟ್ಟುಹೋದ ಬರಿಯ ಸ್ಥಾನಕ್ಕೆ ರಂಧ್ರವೆಂದು ಹೆಸರು. ಬರಿಯ ಸ್ಥಾನವು ಕೆಲಸಮಾಡುವದೆಂತು ಎಂದು ಶಂಕಿಸಬೇಡಿರಿ. ತರ್ಕಶಾಸ್ತ್ರವು ಅಭಾವವನ್ನೂ ಏಳನೆಯ ಪದಾರ್ಥವಾಗಿ ಎಣಿಸಿರುವದಲ್ಲವೆ? ಪಕ್ಕದ ಎಲೆಕ್ಟ್ರಾನು ಆ ತೆರಪಿಗೆ ಸರಿಯಲು ತೆರಪು ಆಚೆಗೆ ಸರಿಯುವದು. ಹೀಗೆ ರಂಧ್ರವು ಧನವಿದ್ಯುತ್ತುಳ್ಳ ಕಣದಂತೆಯೇ ಸಂಚರಿಸುವದು. ಎಲೆಕ್ಟ್ರಾನು ಮತ್ತು ರಂಧ್ರ, ಇವೆರಡಕ್ಕೂ ಸೇರಿ ಈ ಉಪನ್ಯಾಸದಲ್ಲಿ ವಿದ್ಯುತ್ಕಣಗಳೆಂದು ವ್ಯವಹರಿಸುವೆನು.

ಈ ಜೋಡಿಯ ಬಾಳಿನಲ್ಲಿ ಮೂರು ಘಟ್ಟಗಳು: ಉತ್ಪತ್ತಿ, ಗಮನ, ಕಾರ್ಯ. ಬೆಳಕಿನಿಂದ ಹುಟ್ಟಬೇಕು, ಎಲೆಕ್ಟ್ರಾನು ಒಂದು ಕಡೆಗೂ ರಂಧ್ರವು ಮತ್ತೊಂದು ಕಡೆಗೂ ಸಾಗಬೇಕು, ತುದಿಯನ್ನು ಮುಟ್ಟಿ ಎಲೆಕ್ಟ್ರಾನು ಜಲಜನಕವನ್ನೂ ರಂಧ್ರವು ಆಮ್ಲಜನಕವನ್ನೂ ಬಿಡಿಸಬೇಕು. ನಡುದಾರಿಯಲ್ಲಿ ಇವೆರಡೂ ಮತ್ತೆ ಕೂಡಿಕೊಂಡರೆ ಬೆಳಕಿನಿಂದ ಬಂದ ಶಕ್ತಿಯು ಬಿಸಿಯಾಗಿ ವ್ಯರ್ಥವಾಗುವದು. ಈ ವ್ಯರ್ಥತೆಗೆ ಮುಖ್ಯವಾದ ಹೇತುವೇ ಬಂಧ. ನಡೆಯಬೇಕಾದ ಕಣವು ಒಂದು ಸ್ಥಾನದಲ್ಲಿ ಸಿಲುಕಿ ನಿಲ್ಲುವದು, ನಿಂತದ್ದನ್ನು ಅದರ ವಿರೋಧಿಯು ಬಂದು ಕೂಡುವದು, ಎರಡೂ ಇಲ್ಲವಾಗುವವು.

ಈ ಬಂಧವು ಎರಡು ಬಗೆಯಾಗಿರುವದು: ಆಗಂತುಕ ಮತ್ತು ಸಹಜ. ಇವೆರಡರ ವಿವೇಚನೆಯೇ ಈ ಉಪನ್ಯಾಸದ ಜೀವಾಳವು.

ಮೊದಲು ಆಗಂತುಕ ಬಂಧದ ವಿಚಾರ. ಸ್ಫಟಿಕವೆಂಬದು ಪರಮಾಣುಗಳನ್ನು ಸಾಲುಸಾಲಾಗಿ ಜೋಡಿಸಿ ಕಟ್ಟಿದ ಮಾಳಿಗೆಯಂಥದು. ಕಟ್ಟುವಾಗ ಎಲ್ಲಿಯೋ ಒಂದು ಪರಮಾಣುವು ತಪ್ಪಿಹೋದೀತು. ಪರಕೀಯವಾದ ಧಾತುವೊಂದು ಸೇರಿಕೊಂಡೀತು. ಹೊರಮೈಯಲ್ಲಂತೂ ಸಾಲು ಅರ್ಧಕ್ಕೇ ಮುಗಿಯುವದರಿಂದ ಪರಮಾಣುಗಳ ಕೈಗಳು ಹಿಡಿಯುವದಕ್ಕೆ ಜೊತೆಯಿಲ್ಲದೆ ಚಾಚಿಕೊಂಡಿರುವವು. ಇಂಥ ಊನಗಳಿರುವಲ್ಲಿ, ಯಾರೂ ನಿಲ್ಲಬಾರದೆಂದಿದ್ದ ಆ ನಡುವಿನ ಅಂತರದಲ್ಲಿ ನಿಲ್ಲುವದಕ್ಕೆ ಮೆಟ್ಟಿಲುಗಳು ಏರ್ಪಡುವವು. ಮೆಟ್ಟಿಲು ಮೇಲಂಚಿಗೆ ಹತ್ತಿರವಾಗಿದ್ದರೆ ಸಾಧಾರಣ ಶಾಖದಿಂದಲೇ ಕಣವು ಮತ್ತೆ ಮೇಲಕ್ಕೆ ಹಾರಿ ತನ್ನ ದಾರಿಯನ್ನು ಹಿಡಿಯುವದು; ಇದು ತಗ್ಗಿನಲ್ಲಿ ಎಡವಿದಂತೆ. ಮೆಟ್ಟಿಲು ನಡುಮಧ್ಯದಲ್ಲಿದ್ದರೆ ಅಲ್ಲಿಂದ ಏಳುವ ಶಕ್ತಿಯಿಲ್ಲ; ಇದು ಹಾಳುಬಾವಿಯಲ್ಲಿ ಬಿದ್ದಂತೆ.

ಈ ಬಂಧವು ಆಗಂತುಕವಾದದ್ದರಿಂದ ಶೋಧನೆಯಿಂದ ಹೋಗತಕ್ಕದ್ದು. ಇದಕ್ಕೆ ಉತ್ತಮವಾದ ನಿದರ್ಶನವು ಸ್ಟ್ರಾನ್ಷಿಯಂ ಟೈಟನೇಟ್ ಎಂಬ ಪದಾರ್ಥದಲ್ಲಿ ದೊರೆತಿದೆ. ಅದರೊಳಗೆ ಅಲ್ಲಲ್ಲಿ ಆಮ್ಲಜನಕದ ಪರಮಾಣುಗಳು ತಪ್ಪಿಹೋಗಿ, ನಾಲ್ಕು ಧನಾಂಶಗಳನ್ನು ಹೊಂದಿರಬೇಕಾದ ಟೈಟೇನಿಯಂ ಮೂರನ್ನೇ ಹೊಂದಿ ನಿಂತು, ಕಣಗಳು ಬೀಳುವ ಬಾವಿಯಾಗುತ್ತಿತ್ತು. ಸಹಜವಾಗಿಯೇ ಮೂರು ಧನಾಂಶಗಳುಳ್ಳ ಅಲ್ಯೂಮಿನಿಯಮನ್ನು ಕೊಂಚ ಸೇರಿಸಿದಾಗ ಆ ವಿಕೃತಿಯು ಅಡಗಿತು. ಮೇಲಾಗಿ, ಆ ಸ್ಫಟಿಕದ ಕೆಲವು ಮುಖಗಳಿಗೆ ಎಲೆಕ್ಟ್ರಾನುಗಳೂ ಬೇರೆ ಮುಖಗಳಿಗೆ ರಂಧ್ರಗಳೂ ಸಾಗುವವೆಂಬದನ್ನು ಅರಿತು, ಆಯಾ ಮುಖಗಳಲ್ಲಿ ಜಲಜನಕಕ್ಕೆ ಬೇಕಾದ ಸಹಾಯಕ ದ್ರವ್ಯವನ್ನೂ ಆಮ್ಲಜನಕಕ್ಕೆ ಬೇಕಾದುದನ್ನೂ ಪ್ರತ್ಯೇಕವಾಗಿ ಇರಿಸಿದರು. ಜಪಾನಿನ ಕಜುನಾರಿ ದೊಮೆನ್ ಮತ್ತು ಅವರ ಸಂಗಡಿಗರು 2020ರಲ್ಲಿ ಪ್ರಕಟಿಸಿದ ಮೇರೆಗೆ, 350ರಿಂದ 360 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನಲ್ಲಿ ಬಂದ ನೂರು ಕಿರಣಕಣಗಳಲ್ಲಿ 96ರಷ್ಟು ನೀರನ್ನು ಬಿಡಿಸುವ ಕಾರ್ಯದಲ್ಲಿ ವಿನಿಯೋಗವಾದವು. ಅರ್ಥಾತ್, ಅಲ್ಲಿ ಬಂಧವೆಂಬದು ಹೆಚ್ಚುಕಡಿಮೆ ನಿಃಶೇಷವಾಯಿತು.

ಹಾಗಾದರೆ ಕಾರ್ಯವು ಸಿದ್ಧಿಸಿತಲ್ಲವೆ ಎಂದು ಕೇಳುವಿರಿ. ಇಲ್ಲ. ಆ ಪದಾರ್ಥದಲ್ಲಿ ಎರಡು ನೆಲೆಗಳ ನಡುವಿನ ಅಂತರವು 3.2 ಎಲೆಕ್ಟ್ರಾನ್ ವೋಲ್ಟ್. ಇಷ್ಟು ದೊಡ್ಡ ಅಂತರವನ್ನು ದಾಟಿಸುವ ಬಲವು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿಗೆ ಮಾತ್ರ ಉಂಟು. ನೆಲಕ್ಕೆ ಬರುವ ಬಿಸಿಲಿನ ಶಕ್ತಿಯಲ್ಲಿ ಅವುಗಳ ಪಾಲು ನೂರಕ್ಕೆ ನಾಲ್ಕೈದು. ಅದೇ ಬಳಗದವರು 100 ಚದರ ಮೀಟರ್ ವಿಸ್ತಾರದ ಹಲಗೆಗಳನ್ನು ಬಯಲಿನಲ್ಲಿ ಹರಡಿ 2021ರಲ್ಲಿ ವರದಿ ಮಾಡಿದಾಗ, ಬಿಸಿಲಿನ ಶಕ್ತಿಯಲ್ಲಿ ಜಲಜನಕವಾಗಿ ಪರಿಣಮಿಸಿದ ಭಾಗವು ಅತಿ ಹೆಚ್ಚೆಂದರೆ ನೂರಕ್ಕೆ 0.76. ಬಂಧವಿಲ್ಲ, ಆದರೆ ಆಹಾರವೂ ಇಲ್ಲ.

ಆದುದರಿಂದ ಕಣ್ಣಿಗೆ ಕಾಣುವ ಬೆಳಕನ್ನು ಉಣ್ಣುವ, ಎಲ್ಲೆಲ್ಲಿಯೂ ಸಿಗುವ, ನೀರಿನಲ್ಲಿ ಕೆಡದ ಪದಾರ್ಥವನ್ನು ಹುಡುಕಿದರು. ಅಂಥದೊಂದು ನಮ್ಮ ಕಾಲಡಿಯಲ್ಲಿಯೇ ಇರುವದು. ಬಳ್ಳಾರಿ, ಸಂಡೂರು, ಹೊಸಪೇಟೆಗಳ ಬೆಟ್ಟಗಳಲ್ಲಿ ಅಗೆದು ತೆಗೆಯುವ ಕಬ್ಬಿಣದ ಅದಿರು ಹೆಮಟೈಟ್. ಅದು ಕಬ್ಬಿಣ ಮತ್ತು ಆಮ್ಲಜನಕಗಳ ಕೂಟ. ಹಿಂದಿನಿಂದಲೂ ಕಾವಿಯ ಬಟ್ಟೆಗೆ ಬಣ್ಣ ಕೊಡುತ್ತಿದ್ದ ಕಾವಿಕಲ್ಲಿನ ಕೆಂಪಿಗೆ ಕಾರಣವೂ ಇದೇ ಹೆಮಟೈಟ್. ಇದರೊಳಗಿನ ಅಂತರವು ಸುಮಾರು 2.1 ಎಲೆಕ್ಟ್ರಾನ್ ವೋಲ್ಟ್. ನೇರಳೆಯಿಂದ ಹಳದಿಯವರೆಗಿನ ಬೆಳಕನ್ನು ನುಂಗಿ ಕೆಂಪನ್ನು ಹೊರಗೆ ಬಿಡುವದರಿಂದಲೇ ಅದು ನಮಗೆ ಕೆಂಪಾಗಿ ತೋರುವದು. ನುಂಗಿದ ಬೆಳಕೆಲ್ಲ ಫಲಿಸಿದರೆ ಬಿಸಿಲಿನಲ್ಲಿ ಒಂದು ಚದರ ಸೆಂಟಿಮೀಟರಿಗೆ 12 ಮಿಲಿಆಂಪಿಯರಿಗೂ ಮಿಕ್ಕ ವಿದ್ಯುತ್ಪ್ರವಾಹವು ಬರತಕ್ಕದ್ದೆಂದು ಗಣಿತವು ಹೇಳುವದು. ವಾಸ್ತವದಲ್ಲಿ ಬರುವದು ಅದರ ಒಂದು ಸಣ್ಣ ಪಾಲು. ಏಕೆ? ಇಲ್ಲಿಯ ಬಂಧವು ಸಹಜವಾದದ್ದು.

ಸಹಜಬಂಧದ ಕಲ್ಪನೆಯನ್ನು ಮೊದಲು ಎತ್ತಿದವರು ರಷ್ಯಾ ದೇಶದ ಲೆವ್ ಲಂಡಾವ್, 1933ರಲ್ಲಿ. ಅದರ ತಾತ್ಪರ್ಯವಿಷ್ಟು: ಯಾವ ಊನವೂ ಇಲ್ಲದ ಶುದ್ಧವಾದ ಸ್ಫಟಿಕದಲ್ಲಿಯೂ ಎಲೆಕ್ಟ್ರಾನು ತನಗೆ ತಾನೇ ಸೆರೆಯಾಗಬಹುದು. ಹೆಮಟೈಟಿನಲ್ಲಿ ಎಲೆಕ್ಟ್ರಾನು ಒಂದು ಕಬ್ಬಿಣದ ಪರಮಾಣುವಿನ ಬಳಿ ಕ್ಷಣಮಾತ್ರ ತಂಗಿದರೆ ಸಾಕು, ಅದರ ಋಣವಿದ್ಯುತ್ತಿಗೆ ಸುತ್ತಲಿನ ಆಮ್ಲಜನಕದ ಋಣಾಂಶಗಳು ಬೆದರಿ ಆಚೆ ಸರಿಯುವವು. ಸರಿದಾಗ ನಡುವೆ ಒಂದು ತಗ್ಗು ಉಂಟಾಗುವದು. ಆ ತಗ್ಗಿನಲ್ಲಿ ಎಲೆಕ್ಟ್ರಾನು ಇಳಿದು ಕುಳಿತುಕೊಳ್ಳುವದು. ತಗ್ಗನ್ನು ಮಾಡಿದವರಾರು? ಬಿದ್ದವನೇ! ತೆರಣಿಯ ಹುಳುವು ತನ್ನ ನೂಲಿನಿಂದ ತಾನೇ ಬಂಧಿತವಾಗುವ ದೃಷ್ಟಾಂತವನ್ನು ಅಕ್ಕಮಹಾದೇವಿಯವರು ತಮ್ಮ ವಚನದಲ್ಲಿ ಬಳಸಿರುವದು ತಮಗೆಲ್ಲ ತಿಳಿದ ಮಾತು. ಈ ಸ್ಥಿತಿಯನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ದೃಷ್ಟಾಂತವು ನನಗೆ ತೋಚದು. ಹೀಗೆ ತನ್ನ ತಗ್ಗಿನೊಡನೆ ಕೂಡಿದ ಕಣಕ್ಕೆ ಪೋಲರಾನ್ ಎಂದು ವಿಜ್ಞಾನಿಗಳು ಹೆಸರಿಟ್ಟಿರುವರು.

ಪೋಲರಾನಿಗೆ ಗತಿಯೇ ಇಲ್ಲವೆಂದಲ್ಲ. ಪಕ್ಕದ ಕಬ್ಬಿಣದ ಪರಮಾಣುವಿಗೆ ಅದು ಹಾರಬಲ್ಲದು. ಆದರೆ ಹಾರಬೇಕಾದರೆ ತಗ್ಗೂ ಜೊತೆಗೆ ಸಾಗಬೇಕು. ಹಳೆಯ ಮನೆ ಬೀಳಬೇಕು, ಹೊಸ ಮನೆ ಏಳಬೇಕು. ಇದಕ್ಕೆ ಶಾಖದ ನೂಕು ಬೇಕಾಗುವದು. ಈ ಕಾರಣದಿಂದಲೇ, ಬಿಸಿಯಾದಷ್ಟೂ ತಾಮ್ರದಂಥ ಲೋಹಗಳಲ್ಲಿ ವಿದ್ಯುತ್ತಿನ ನಡೆಯು ತಗ್ಗಿದರೆ, ಹೆಮಟೈಟಿನಲ್ಲಿ ಹೆಚ್ಚುವದು. ಆದರೂ ಸಿಲಿಕಾನಿನಲ್ಲಿ ಎಲೆಕ್ಟ್ರಾನು ಓಡುವ ಸರಾಗತೆಗೆ ಹೋಲಿಸಿದರೆ ಇದರ ನಡೆಯು ಸಾವಿರಾರು ಪಟ್ಟು ಮಂದವಾದದ್ದು.

ಈ ಸೆರೆಯು ಎಷ್ಟು ಬೇಗ ಆಗುವದೆಂಬದನ್ನೂ ಅಳೆದಿರುವರು. ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಸ್ಟೀಫನ್ ಲಿಯೋನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗದ ಮೇರೆಗೆ, ಬೆಳಕು ತಾಕಿದ ಸುಮಾರು 100 ಫೆಮ್ಟೋಸೆಕೆಂಡಿನೊಳಗೇ ಪೋಲರಾನ್ ರೂಪುಗೊಳ್ಳತೊಡಗುವದು. ಒಂದು ಸೆಕೆಂಡನ್ನು ಹತ್ತು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು! ಹುಟ್ಟಿದ್ದೇ ತಡ, ಬಂಧವು ಕಾದಿರುವದು. ಇಷ್ಟೇ ಅಲ್ಲ, ಇಸ್ರೇಲ್ ದೇಶದ ಟೆಕ್ನಿಯಾನ್ ವಿದ್ಯಾಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ತೋರಿಸಿದಂತೆ, ಹೆಮಟೈಟು ನುಂಗುವ ಬೆಳಕಿನ ಒಂದು ಭಾಗವು ಸಂಚರಿಸಬಲ್ಲ ಕಣಗಳನ್ನು ಹುಟ್ಟಿಸುವದೇ ಇಲ್ಲ, ಕಬ್ಬಿಣದ ಪರಮಾಣುವಿನೊಳಗೇ ಕೆರಳಿ ಅಲ್ಲಿಯೇ ತಣಿದುಹೋಗುವದು.

ಇದರ ಫಲವನ್ನು ಎರಡು ಅಳತೆಗಳಿಂದ ತಿಳಿಯಬಹುದು. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಹಸಿರು ಬೆಳಕು ಹೆಮಟೈಟಿನೊಳಗೆ ನೂರು ನ್ಯಾನೋಮೀಟರಿಗೂ ಮಿಕ್ಕು ಆಳಕ್ಕೆ ಇಳಿದು ರಂಧ್ರವನ್ನು ಹುಟ್ಟಿಸುವದು. ಆ ರಂಧ್ರವು ಅಳಿಯುವ ಮೊದಲು ನಡೆಯಬಲ್ಲ ದೂರವಾದರೋ ಎರಡರಿಂದ ನಾಲ್ಕು ನ್ಯಾನೋಮೀಟರ್ ಎಂದು 1978ರಲ್ಲಿಯೇ ಅಂದಾಜು ಮಾಡಿದ್ದರು. ನೂರು ಹರದಾರಿ ದೂರದ ಹೊಳೆಗೆ ನೀರು ತರಲು ಹೊರಟವನಿಗೆ ನಾಲ್ಕೇ ಹರದಾರಿ ನಡೆಯುವ ಕಸುವಿದ್ದಂತಾಯಿತು.

ಇಲ್ಲಿ ಪೂರ್ವಪಕ್ಷವು ಏಳುವದು. “ಬಂಧವು ಸಹಜವಾದ ಮೇಲೆ ಅದು ಹೋಗದು, ಬೆಂಕಿಯ ಬಿಸಿಯನ್ನು ಬೆಂಕಿಯಿಂದ ತೆಗೆಯಬಹುದೆ? ಆದುದರಿಂದ ಹೆಮಟೈಟನ್ನು ಬಿಡುವದೇ ಲೇಸು. ಸಿಲಿಕಾನಿನ ಸೌರಫಲಕದಿಂದ ವಿದ್ಯುತ್ತನ್ನು ಪಡೆದು, ಆ ವಿದ್ಯುತ್ತಿನಿಂದ ಬೇರೊಂದು ಪಾತ್ರೆಯಲ್ಲಿ ನೀರನ್ನು ಬಿಡಿಸುವ ದಾರಿಯು ಸಿದ್ಧವಾಗಿಯೇ ಇದೆ. ಭಾರತ ಸರಕಾರವು 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಗಳ ಹಸಿರು ಜಲಜನಕದ ಯೋಜನೆಗೆ ಒಪ್ಪಿಗೆಯಿತ್ತು, 2030ರ ಹೊತ್ತಿಗೆ ವರುಷಕ್ಕೆ 50 ಲಕ್ಷ ಟನ್ನುಗಳ ಉತ್ಪಾದನೆಯನ್ನು ಗುರಿಯಾಗಿಟ್ಟದ್ದೂ ಅಂಥ ದಾರಿಯನ್ನೇ ನಂಬಿ. ಇನ್ನು ಈ ಕೆಂಪು ಕಲ್ಲಿನ ಚಿಂತೆಯೇಕೆ?”

ಈ ಪೂರ್ವಪಕ್ಷವು ದುರ್ಬಲವಾದದ್ದಲ್ಲ. ಇಂದಿನ ಕೆಲಸಕ್ಕೆ ಆ ದಾರಿಯೇ ಮುಂದಾಗಿರುವದನ್ನು ಒಪ್ಪತಕ್ಕದ್ದು. ಆದರೆ ಅದರಲ್ಲಿ ಎರಡು ಯಂತ್ರಗಳು, ಎರಡು ವೆಚ್ಚಗಳು. ಸಿಲಿಕಾನನ್ನು ನೇರವಾಗಿ ನೀರಿನಲ್ಲಿ ಇರಿಸಿದರೆ ಅದರ ಮೇಲೆ ವಿದ್ಯುತ್ತನ್ನು ತಡೆಯುವ ಪದರವು ಬೆಳೆಯುವದು. ಗ್ಯಾಲಿಯಮಿನ ಸಂಯುಕ್ತಗಳಿಂದ ಮಾಡಿದ ಒಂದು ಉಪಕರಣದಿಂದ ಅಮೇರಿಕೆಯ ಜಾನ್ ಟರ್ನರ್ ಮತ್ತು ಅವರ ಜೊತೆಗಾರರು 1998ರಲ್ಲಿ ನೂರಕ್ಕೆ 12.4ರ ಫಲವನ್ನು ತೋರಿಸಿದರು; ಆದರೆ ಅದು ಬೆಲೆಯುಳ್ಳದ್ದು, ನೀರಿನಲ್ಲಿ ಬಹುಕಾಲ ಬಾಳದ್ದು. ತುಕ್ಕಿಗೆ ಮಾತ್ರ ತುಕ್ಕು ಹಿಡಿಯುವ ಭಯವಿಲ್ಲ.

ಮತ್ತು ಸಹಜವಾದ ಬಂಧವು ಹೋಗದೆಂಬ ಮಾತ್ರದಿಂದ ಕಾರ್ಯವು ನಿಲ್ಲಬೇಕೆಂಬ ನಿಯಮವಿಲ್ಲ. ನಡೆಯುವವನ ಕಸುವನ್ನು ಹೆಚ್ಚಿಸಲಾಗದಿದ್ದರೆ ಹೊಳೆಯನ್ನೇ ಮನೆಯ ಬಾಗಿಲಿಗೆ ತರಬೇಕು. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಮಿಖಾಯೆಲ್ ಗ್ರೆಟ್ಸೆಲ್ ಮತ್ತು ಸಂಗಡಿಗರು 2006ರಲ್ಲಿ ಮಾಡಿದ್ದು ಇದನ್ನೇ. ಅವರು ಹೆಮಟೈಟನ್ನು ದಪ್ಪ ಹಲಗೆಯಾಗಿ ಮಾಡದೆ, ಹೂಕೋಸಿನ ಗೆಡ್ಡೆಯಂತೆ ಕವಲುಕವಲಾಗಿ ಬೆಳೆಸಿದರು. ಕವಲುಗಳ ಸಂದಿಗಳಲ್ಲೆಲ್ಲ ನೀರು ತುಂಬಿರುವದರಿಂದ, ರಂಧ್ರವು ಎಲ್ಲಿ ಹುಟ್ಟಿದರೂ ನೀರು ಹತ್ತಿರವೇ. ಬೆರಸಿದ ಸಿಲಿಕಾನಿನ ಅಂಶವು ಕವಲುಗಳನ್ನು ನವುರಾಗಿಸಿತು. ಪ್ರವಾಹವು ಚದರ ಸೆಂಟಿಮೀಟರಿಗೆ 2.2 ಮಿಲಿಆಂಪಿಯರಿಗೆ ಏರಿತು. 2010ರಲ್ಲಿ ಇಂಥ ಪದರದ ಮೇಲೆ ಇರಿಡಿಯಂ ಆಕ್ಸೈಡನ್ನು ಇರಿಸಿ 3ನ್ನು ದಾಟಿಸಿದರು. ಹೊರಮೈಯ ಊನಗಳು ಆಗಂತುಕವಾದವು. ಅಲ್ಯೂಮಿನದ ಅತಿ ತೆಳುವಾದ ಪದರವನ್ನು ಹೊದಿಸಿ ಅವನ್ನು ಮುಚ್ಚುವ ಉಪಾಯವನ್ನೂ 2011ರಲ್ಲಿ ಅಲ್ಲಿಯೇ ತೋರಿಸಿದರು. ಬೇರೆ ಕೆಲವರು ಬಿಸ್ಮತ್ ವೆನಡೇಟ್ ಎಂಬ ಹಳದಿಯ ಪದಾರ್ಥವನ್ನು ಹಿಡಿದರು. ಅದರಲ್ಲಿ ರಂಧ್ರವು ಹೆಮಟೈಟಿನಲ್ಲಿಗಿಂತ ಹತ್ತಾರು ಪಟ್ಟು ದೂರ ನಡೆಯುವದು. ಎಲೆಕ್ಟ್ರಾನು ಮಾತ್ರ ವೆನೇಡಿಯಮಿನ ಬಳಿ ಪೋಲರಾನಾಗಿ ಕುಳಿತುಬಿಡುವದು. ಒಂದು ಕಡೆ ಬಿಚ್ಚಿದರೆ ಮತ್ತೊಂದು ಕಡೆ ಗಂಟು.

ಇನ್ನೊಂದು ಸೂಕ್ಷ್ಮವನ್ನು ಹೇಳದೆ ಮುಗಿಸಲಾಗದು. ಬಂಧವೆಲ್ಲವೂ ದೋಷವಲ್ಲ. ನೀರಿನಿಂದ ಆಮ್ಲಜನಕದ ಒಂದು ಅಣುವು ಹೊರಡಬೇಕಾದರೆ ನಾಲ್ಕು ರಂಧ್ರಗಳು ಒಂದೆಡೆ ಸೇರಬೇಕು. ಒಂದು ಬಂದು ಉಳಿದ ಮೂರಕ್ಕೆ ಕಾಯಬೇಕು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಜೇಮ್ಸ್ ಡ್ಯುರಾಂಟ್ ಮತ್ತು ಸಂಗಡಿಗರು 2008ರಲ್ಲಿ ಟೈಟೇನಿಯಂ ಡೈಆಕ್ಸೈಡನ್ನು ಪರೀಕ್ಷಿಸಿ, ಈ ಕಾರ್ಯಕ್ಕೆ ರಂಧ್ರವು ಸುಮಾರು 0.2 ಸೆಕೆಂಡಿನವರೆಗೆ ಬಾಳಬೇಕೆಂದು ಕಂಡರು. ಸಂಚಾರಿಯಾದ ಕಣವು ಅಷ್ಟು ಹೊತ್ತು ಬಾಳದು. ಹೊರಮೈಯಲ್ಲಿ, ನೀರಿನ ಸಮೀಪದಲ್ಲಿ ನೆಲೆಗೊಂಡ ರಂಧ್ರವೇ ಅಷ್ಟು ಹೊತ್ತು ಕಾಯಬಲ್ಲದು. ಕಾರ್ಯಸ್ಥಾನದಲ್ಲಿಯ ಬಂಧವು ನಿಷ್ಠೆ. ನಡುದಾರಿಯ ಬಂಧವು ನಾಶ. ಆದಕಾರಣ ವಿಜ್ಞಾನಿಯ ಗುರಿಯು ಬಂಧಮಾತ್ರದ ನಿವೃತ್ತಿಯಲ್ಲ, ಸ್ಥಾನವಿವೇಕ. ಕಾಯಕದಲ್ಲಿ ನಿಂತವನನ್ನು ಬಂಧಿತನೆಂದು ನಾವು ಕರೆಯುವದಿಲ್ಲವಷ್ಟೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ನಾನು ಶಾಸ್ತ್ರದ ಪರಿಭಾಷೆಯನ್ನು ಇಲ್ಲಿ ಬಳಸಿರುವೆನು. ಇದನ್ನು ಕೇಳಿ, ಪೂರ್ವಾಚಾರ್ಯರೂ ಶರಣರೂ ಪೋಲರಾನನ್ನು ಮೊದಲೇ ಕಂಡಿದ್ದರೆಂದು ಯಾರೂ ಸಾರಬಾರದು. ದೃಷ್ಟಾಂತವು ತಿಳಿವಳಿಕೆಗೆ ಸಾಧನ, ಸಿದ್ಧಿಗೆ ಪ್ರಮಾಣವಲ್ಲ. ಕಲ್ಲಿನೊಳಗಿನ ಕಣಕ್ಕೆ ಅಹಂಕಾರವೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. ಶರಣರು ಹೇಳಿದ್ದು ಮನುಷ್ಯನ ಬಂಧವನ್ನು. ಅವರ ಮಾತಿಗೆ ಇಂಥ ಎರವಲು ಗೌರವವು ಬೇಕಾಗಿಲ್ಲ. ನಾವು ಅವರಿಂದ ಪಡೆಯಬೇಕಾದದ್ದು ಬಂಧವು ಎಲ್ಲಿಂದ ಬಂದಿತೆಂದು ನಿರ್ಭಯವಾಗಿ ಕೇಳುವ ರೀತಿಯನ್ನು. ರೋಗವು ಆಗಂತುಕವೋ ಸಹಜವೋ ಎಂದು ನಿರ್ಣಯಿಸದೆ ಔಷಧವನ್ನು ಕೊಟ್ಟರೆ ಹೇಗೆ ವ್ಯರ್ಥವೋ, ಹಾಗೆಯೇ ಸಹಜಬಂಧವುಳ್ಳ ಪದಾರ್ಥವನ್ನು ಬರಿಯ ಶೋಧನೆಯಿಂದ ತಿದ್ದಹೊರಟ ಶ್ರಮವೂ ವ್ಯರ್ಥ.

ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಭಾರತರತ್ನ ಸಿ. ಎನ್. ಆರ್. ರಾವ್ ಅವರೂ ಅವರ ಶಿಷ್ಯರೂ ಬೆಳಕಿನಿಂದ ನೀರನ್ನು ಬಿಡಿಸುವ ಪದಾರ್ಥಗಳ ಮೇಲೆ ದುಡಿದಿರುವರು. ಈ ವಿದ್ಯೆಯು ನಮ್ಮ ನಾಡಿಗೆ ದೂರದ್ದಲ್ಲ. ಹೆಮಟೈಟಿನ ಬೆಟ್ಟಗಳು ನಮ್ಮವು, ಬಿಸಿಲಿಗಂತೂ ಕೊರತೆಯಿಲ್ಲ. ಆ ಬೆಟ್ಟಗಳನ್ನು ಅಗೆದು ಹಡಗಿಗೆ ತುಂಬಿದ ಕೈಗಳು ಹಲವು. ಆ ಕಲ್ಲಿನೊಳಗೆ ಬೆಳಕು ಏಕೆ ಸೆರೆಯಾಗುವದೆಂದು ಕೇಳುವ ಬುದ್ಧಿಗಳು ಇನ್ನೂ ಹಲವು ಬೇಕಾಗಿವೆ. ಪ್ರಸಾದನಿಲಯದಲ್ಲಿ ಉಂಡು ಓದುವ ಮಕ್ಕಳಲ್ಲಿ ಒಬ್ಬಿಬ್ಬರಾದರೂ ಈ ಗಂಟನ್ನು ಬಿಚ್ಚುವ ಕಾಯಕಕ್ಕೆ ತೊಡಗಿದರೆ, ಅವರು ಉಂಡ ಪ್ರಸಾದವು ಲೋಕಕ್ಕೆ ದಾಸೋಹವಾಗಿ ಹಿಂದಿರುಗಿದಂತಾಗುವದು.